ಮಗುವಿನ ಮುಂದೆ ಕಲಿಯಬೇಕಾದ ವಿದ್ಯೆ



ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ದಾರಿಯ ಮಲವಗೊಪ್ಪದಂತಹ ಊರಿನ ಶಾಲೆಯೊಂದನ್ನು ಕಣ್ಣಮುಂದೆ ತಂದುಕೊಳ್ಳಿರಿ. ಒಂದೇ ತರಗತಿಯಲ್ಲಿ ದೃಷ್ಟಿ ಮಂದವಾದ ಮಗುವೊಂದು, ಕಿವಿ ಮಂದವಾದ ಮಗುವೊಂದು ಉಳಿದವರೊಡನೆ ಕುಳಿತಿವೆ. ಆ ಮಕ್ಕಳಿಗೆ ಬಾಗಿಲು ತೆರೆದದ್ದು ಕಾನೂನು. ಆದರೆ ಪಾಠ ಹೇಳಬೇಕಾದವರು ಉಪಾಧ್ಯಾಯರು. ಅವರನ್ನು ನಾವು ಹೇಗೆ ಸಿದ್ಧಗೊಳಿಸುತ್ತಿದ್ದೇವೆ ಎಂಬುದನ್ನು ಇಲ್ಲಿ ವಿಮರ್ಶಿಸಬೇಕಾಗಿದೆ.

2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವು ಎಲ್ಲ ಮಕ್ಕಳೂ ಒಡಗೂಡಿ ಕಲಿಯಬೇಕೆಂದೂ, ಬೋಧನೆಯ ಕ್ರಮವೇ ಮಗುವಿನ ಅಗತ್ಯಕ್ಕೆ ತಕ್ಕಂತೆ ಮಾರ್ಪಡಬೇಕೆಂದೂ ಹೇಳುತ್ತದೆ. ಬ್ರೈಲ್ ಲಿಪಿ, ಸನ್ನೆಭಾಷೆ ಬಲ್ಲ ಶಿಕ್ಷಕರನ್ನು ನೇಮಿಸಬೇಕು, ಸ್ವತಃ ಅಂಗವಿಕಲರಾದವರನ್ನೂ ಶಿಕ್ಷಕರನ್ನಾಗಿ ತೆಗೆದುಕೊಳ್ಳಬೇಕು ಎಂಬುದು ಅದರ 17ನೆಯ ಪ್ರಕರಣ. ಸಾಮಾನ್ಯ ಶಾಲೆಗಳ ಶಿಕ್ಷಕರಿಗೂ ಈ ತರಬೇತಿ ಕಡ್ಡಾಯವಾಗಬೇಕೆಂದು ಸರ್ವೋಚ್ಚ ನ್ಯಾಯಾಲಯ 2021ರಲ್ಲಿ ಹೇಳಿತು. ಆಶಯ ಘನವಾದದ್ದೇ.

ಆಚರಣೆ ಹೇಗಿದೆ? 2019ರಲ್ಲಿ ಆರಂಭವಾದ 'ನಿಷ್ಠಾ' ತರಬೇತಿ ಮರುವರ್ಷ ದೂರವಾಣಿಯ ಪರದೆಗೆ ಬಂದಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪ್ರತಿ ಶಿಕ್ಷಕನಿಗೂ ವರ್ಷಕ್ಕೆ 50 ಗಂಟೆಗಳ ತರಬೇತಿಯನ್ನು ಗೊತ್ತುಪಡಿಸಿತು. ಮೂಲೆಯ ಹಳ್ಳಿಯ ಶಿಕ್ಷಕರಿಗೂ ಪಾಠ ತಲುಪಿತೆಂಬುದು ಇದರ ಹಿರಿಮೆ. ಆದರೆ ಬ್ರೈಲ್ ಚುಕ್ಕಿಗಳನ್ನು ಬೆರಳಿನಿಂದ ಮುಟ್ಟದೆಯೇ ಬ್ರೈಲ್ ಕುರಿತ ಪ್ರಶ್ನೆಗೆ ಸರಿಯುತ್ತರ ಕೊಡಬಹುದು. ಗಂಟೆಗಳ ಲೆಕ್ಕ ತುಂಬಿತೆಂದರೆ ವಿದ್ಯೆ ಬಂದಿತೆಂದಲ್ಲ. ಕರಿಹಲಗೆಯ ಮೇಲೆ ಬರೆದುದನ್ನು ಮಂದದೃಷ್ಟಿಯ ಮಗುವಿಗಾಗಿ ಗಟ್ಟಿಯಾಗಿ ಓದಿ ಹೇಳುವುದು, ಕಿವಿ ಮಂದವಾದ ಮಗುವಿಗೆ ತುಟಿ ಕಾಣುವಂತೆ ತಿರುಗಿ ನಿಂತು ಮಾತಾಡುವುದು, ನಿಧಾನವಾಗಿ ಗ್ರಹಿಸುವ ಮಗುವಿಗೆ ಒಂದು ಲೆಕ್ಕವನ್ನು ನಾಲ್ಕು ಮೆಟ್ಟಿಲಾಗಿ ಒಡೆಯುವುದು, ಇವೆಲ್ಲ ಅಭ್ಯಾಸದಿಂದ ಮಾತ್ರ ಕೈಗೂಡುವಂಥವು. ಬ್ಲಾಕ್ ಮಟ್ಟದ ವಿಶೇಷ ಸಂಪನ್ಮೂಲ ಶಿಕ್ಷಕರು ಈ ವಿದ್ಯೆ ಬಲ್ಲವರು. ಆದರೆ ಅನೇಕ ಶಾಲೆಗಳನ್ನು ಸುತ್ತುವ ಅವರು ಒಂದೆಡೆ ನಿಂತು ಜೊತೆಯ ಶಿಕ್ಷಕರಿಗೆ ಅದನ್ನು ಕಲಿಸುವುದೆಂತು?

ಈ ವಿಷಯದಲ್ಲಿ ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆನೆಯದಿರಲಾಗದು. ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಲ್ಲಿ ಬೆಳೆದ ಅಂಧ ಗಾಯಕರಾದ ಪಂಚಾಕ್ಷರಿ ಗವಾಯಿಗಳು (1892–1944) ಅಂಧರಾದ ಪುಟ್ಟರಾಜ ಗವಾಯಿಗಳಿಗೂ, ಕಣ್ಣಿದ್ದ ಬಸವರಾಜ ರಾಜಗುರುಗಳಿಗೂ ಗುರುಗಳಾದರು. ಅಂಗವಿಕಲರೂ ಶಿಕ್ಷಕರಾಗಲೆಂದು 2016ರ ಕಾನೂನು ಬಯಸಿದ್ದು ಅಲ್ಲಿ ಎಷ್ಟೋ ಹಿಂದೆಯೇ ನಡೆದಿತ್ತು. ಸಂಗೀತವು ಕಿವಿಯ ವಿದ್ಯೆ, ಭೂಪಟವೂ ರೇಖಾಗಣಿತವೂ ಅಷ್ಟು ಸುಲಭವಲ್ಲವೆಂದು ನೀವು ಆಕ್ಷೇಪಿಸಬಹುದು, ಅದು ನಿಜವೇ. ಆದರೆ ಗುರುವು ಶಿಷ್ಯನ ಬಳಿಯೇ ಇದ್ದು, ಅವನಿಗೆ ಯಾವುದು ದಕ್ಕುತ್ತದೆಂದು ಅರಿತು ಕಲಿಸಿದ ಆ ಕ್ರಮವು ಎಲ್ಲ ವಿದ್ಯೆಗೂ ಸಲ್ಲುವುದು.

ಆದಕಾರಣ ತರಬೇತಿಯು ಮಗುವಿರುವ ತರಗತಿಯಲ್ಲಿಯೇ, ಬಲ್ಲವರ ಜೊತೆಯಲ್ಲಿ, ವರ್ಷವಿಡೀ ನಡೆಯತಕ್ಕದ್ದು. ಮಠದ ಪ್ರಸಾದನಿಲಯಗಳಲ್ಲಿ ಓದಿ ಉಪಾಧ್ಯಾಯರಾದವರು, ಶಾಲಾ ಸಮಿತಿಗಳಲ್ಲಿರುವವರು ನಿಮ್ಮಲ್ಲಿ ಅನೇಕರಿದ್ದೀರಿ. ನಿಮ್ಮೂರ ಶಾಲೆಗೆ ಹೋದಾಗ ಎಷ್ಟು ಮಕ್ಕಳು ದಾಖಲಾದರೆಂದು ಮಾತ್ರ ಕೇಳಿ ಹಿಂದಿರುಗಬೇಡಿರಿ. ಹಿಂದಿನ ಸಾಲಿನಲ್ಲಿ ಸುಮ್ಮನೆ ಕುಳಿತ ಆ ಮಗು ಇಂದು ಏನು ಕಲಿಯಿತೆಂದು ಕೇಳಿರಿ. ಉಪಾಧ್ಯಾಯರು ಉತ್ತರಿಸಲಾರದೆ ಹೋದರೆ ಅವರನ್ನು ಹಳಿಯದೆ, ಅವರಿಗೆ ಕಲಿಸುವವರು ಯಾರೆಂದು ಮೇಲಿನವರನ್ನು ಕೇಳಿರಿ.