ಬಾರದ ಪುಸ್ತಕವನ್ನು ಓದುವವರು

2025ರ ಆಗಸ್ಟ್‌ನಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದ ಪ್ರಕಾಶಕರಾದ ವಿಜರ್ಡ್ಸ್ ಆಫ್ ದಿ ಕೋಸ್ಟ್ ಕೆಲವೇ ಪುಟಗಳ ಒಂದು ಕರಡನ್ನು ಆಟಗಾರರ ಪರೀಕ್ಷೆಗೆ ಬಿಟ್ಟರು. ಅದರಲ್ಲಿದ್ದುದು ನಾಲ್ಕು ಬಗೆಯ ಪಾತ್ರಗಳ ನಿಯಮಗಳು: ಹಸಿರನ್ನು ಕಾಯುವ ಡ್ರೂಯಿಡ್, ಅಖಾಡದಲ್ಲಿ ಕಾದಾಡುವ ಗ್ಲ್ಯಾಡಿಯೇಟರ್, ಸುತ್ತಲಿನ ಜೀವಸತ್ವವನ್ನು ಹೀರಿ ಮಂತ್ರ ಪ್ರಯೋಗಿಸುವ ಮಾಂತ್ರಿಕ, ಮಾಂತ್ರಿಕ ಅರಸನೊಬ್ಬನಿಗೆ ಕಟ್ಟುಬಿದ್ದ ವಾರ್‌ಲಾಕ್. ಇವರೆಲ್ಲ ಯಾವ ಲೋಕದವರು ಎಂದು ಕರಡು ಹೇಳಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ. ಬಲ್ಲವರು ಓದಿದ ಕೂಡಲೇ ‘ಡಾರ್ಕ್ ಸನ್’ ಎಂದುಬಿಟ್ಟರು. 1991ರಲ್ಲಿ ಟಿಮೊಥಿ ಬ್ರೌನ್ ಮತ್ತು ಟ್ರಾಯ್ ಡೆನಿಂಗ್ ಕಟ್ಟಿದ, ಬ್ರಾಮ್ ಎಂಬ ಕಲಾವಿದ ಚಿತ್ರಗಳನ್ನು ಬರೆದ, ಬಿಸಿಲಿಗೆ ಸುಟ್ಟುಹೋದ ಅಥಾಸ್ ಎಂಬ ಲೋಕ ಅದು. ಮುದ್ರಣಕ್ಕೆ ಬರುವುದಿರಲಿ, ಹೆಸರನ್ನೇ ಹೇಳದ ಪುಸ್ತಕವೊಂದನ್ನು ಅಂದಿನಿಂದ ಜನ ಓದಲು ಶುರುಮಾಡಿದ್ದಾರೆ. ಯಾರೂ ನೋಡದ ಪುಸ್ತಕದ ಈ ಓದು ವಿಮರ್ಶೆಗೆ ಯೋಗ್ಯವಾದದ್ದು ಎಂದು ನಾನು ನಂಬುತ್ತೇನೆ. ಅದಕ್ಕೆ ಅದರದೇ ಶಿಸ್ತಿದೆ, ಅದರದೇ ಕೊರತೆಯೂ ಇದೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಇಬ್ಬರು ಅಮೆರಿಕನ್ನರು 1974ರಲ್ಲಿ ಹೊರತಂದ ಆಟ ಇದು. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬರು ಡಂಜನ್ ಮಾಸ್ಟರ್, ಅಂದರೆ ಕತೆ ನಡೆಸುವವರು. ಮಿಕ್ಕವರು ಒಂದೊಂದು ಪಾತ್ರ ವಹಿಸಿ ತಾವೇನು ಮಾಡುತ್ತೇವೆಂದು ಹೇಳುತ್ತಾರೆ. ಅದು ಕೈಗೂಡಿತೇ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ಈ ಕತೆಗಳು ನಡೆಯುವ ಲೋಕದ ವಿವರಗಳೆಲ್ಲ ಸೆಟಿಂಗ್ ಪುಸ್ತಕದಲ್ಲಿರುತ್ತವೆ: ಭೂಪಟ, ಊರುಗಳು, ಅರಸರು, ದೇವರುಗಳು, ಹಳೆಯ ಜಗಳಗಳು. ಪುಸ್ತಕ ಕತೆಯನ್ನು ಹೇಳುವುದಿಲ್ಲ. ಕತೆ ಹುಟ್ಟುವ ಜಾಗವನ್ನು ತೋರಿಸುತ್ತದೆ. ನಮ್ಮಲ್ಲಿ ಇದಕ್ಕೆ ತೀರ ಹತ್ತಿರದ ಪ್ರಕಾರ ಸ್ಥಳಪುರಾಣ.

ಆದ್ದರಿಂದ ಬಾರದ ಪುಸ್ತಕವನ್ನು ಓದುವ ಈ ಅಭ್ಯಾಸವನ್ನು ಕುರುಡುಮಲೆಯ ಪಕ್ಕದಲ್ಲಿಟ್ಟು ನೋಡಬೇಕು ಅನ್ನಿಸುತ್ತದೆ. ಕೋಲಾರ ಜಿಲ್ಲೆಯ ಮುಳಬಾಗಿಲಿನ ಆಸುಪಾಸಿನ ಈ ಪುಟ್ಟ ಊರಿನಲ್ಲಿ 13.5 ಅಡಿ ಎತ್ತರದ ಏಕಶಿಲೆಯ ಗಣಪನಿದ್ದಾನೆ. ಇಷ್ಟು ದೊಡ್ಡ ಗಣಪ ಇಲ್ಲೇಕೆ ಕೂತ ಎಂಬ ಪ್ರಶ್ನೆಗೆ ಊರು ಒಂದೇ ಉತ್ತರ ಕೊಟ್ಟು ಸುಮ್ಮನಾಗಿಲ್ಲ. ತ್ರಿಮೂರ್ತಿಗಳೇ ಪ್ರತಿಷ್ಠಾಪಿಸಿದರು ಎನ್ನುತ್ತಾರೆ. ಲಂಕೆಗೆ ಹೊರಟ ರಾಮ ಇಲ್ಲಿ ಪೂಜಿಸಿದ, ಶಮಂತಕ ಮಣಿಯ ಅಪವಾದ ಹೊತ್ತ ಕೃಷ್ಣ ಇಲ್ಲಿಗೆ ಬಂದ, ಕುರುಕ್ಷೇತ್ರಕ್ಕೆ ಮುನ್ನ ಪಾಂಡವರು ಬಂದರು ಎನ್ನುತ್ತಾರೆ. ಕನಸು ಕಂಡ ಕೃಷ್ಣದೇವರಾಯ ಗುಡಿ ಕಟ್ಟಿಸಿದ ಎಂಬ ಮಾತೂ ಇದೆ. ಹತ್ತಿರದಲ್ಲೇ ಇರುವ ಸೋಮೇಶ್ವರ ಗುಡಿಯಲ್ಲಿ ಒಂದು ಭಾಗದ ಕೆತ್ತನೆಗೂ ಇನ್ನೊಂದು ಭಾಗದ ಕೆತ್ತನೆಗೂ ವ್ಯತ್ಯಾಸ ಕಾಣುತ್ತದೆ. ಒಂದು ಜಕಣಾಚಾರಿಯದು, ಇನ್ನೊಂದು ಮಗ ಡಂಕಣಾಚಾರಿಯದು ಎಂದು ಊರವರು ತೋರಿಸಿ ಹೇಳುತ್ತಾರೆ.

ಇವೂ ಊಹೆಗಳೇ. ಆದರೆ ಇವು ಎಲ್ಲಿಂದ ಹುಟ್ಟಿದವು ನೋಡಿ. ಕಣ್ಣೆದುರು ಒಂದು ಕಲ್ಲು ಇದೆ, ಕೆತ್ತನೆಯ ವ್ಯತ್ಯಾಸ ಇದೆ, ಬೆಟ್ಟ ಇದೆ. ಅದನ್ನು ಅರ್ಥ ಮಾಡಿಕೊಳ್ಳಲು ಜನ ತಮ್ಮ ಕೈಯಲ್ಲಿದ್ದ ರಾಮಾಯಣ, ಭಾರತಗಳನ್ನು ತಂದು ಆ ಕಲ್ಲಿನ ಪಕ್ಕದಲ್ಲಿಟ್ಟರು. ಗಣಪನ ಬಳಿ ಬಂದವರೆಲ್ಲ ಏನನ್ನೋ ಆರಂಭಿಸಲು ಹೊರಟವರು, ಗೆಲುವು ಸೋಲು ಗೊತ್ತಿಲ್ಲದವರು. ಆ ಸಾಲು ಇನ್ನೂ ನಿಂತಿಲ್ಲ: 1999ರ ಚುನಾವಣೆಗೆ ಮುನ್ನ ಎಸ್.ಎಂ. ಕೃಷ್ಣ ಅವರು ಪಾಂಚಜನ್ಯ ಯಾತ್ರೆಯನ್ನು ಹೊರಡಿಸಿದ್ದು ಇಲ್ಲಿಂದಲೇ. ರಾಮನ ಕತೆ ನಿಜವಾದರೆ ಪಾಂಡವರ ಕತೆ ಸುಳ್ಳು ಎಂದು ಇಲ್ಲಿ ಯಾರೂ ವಾದಕ್ಕಿಳಿಯುವುದಿಲ್ಲ. ಪಕ್ಕದ ಆವನಿಗೆ ಹೋದರೆ ಸೀತೆ ಲವಕುಶರನ್ನು ಹೆತ್ತ ಜಾಗ ಅದೇ. ಮುಳಬಾಗಿಲಿನ ಆಂಜನೇಯನನ್ನು ಪ್ರತಿಷ್ಠಾಪಿಸಿದವನು ಅರ್ಜುನ. ಕೋಲಾರದ ಬೆಟ್ಟದಲ್ಲಿ ಪರಶುರಾಮ ಮತ್ತು ಕಾರ್ತವೀರ್ಯ. ಒಂದು ದಿನದ ಓಡಾಟದೊಳಗೆ ಎರಡು ಮಹಾಕಾವ್ಯಗಳು ಮತ್ತು ಹಲವು ಪುರಾಣಗಳು ಗಡಿ ಜಗಳವಿಲ್ಲದೆ ನೆಲೆಸಿವೆ.

ಇನ್ನು ಡಾರ್ಕ್ ಸನ್ ಅಭಿಮಾನಿಗಳ ಊಹೆಗೆ ಬರೋಣ. ಅವರ ಶಿಸ್ತನ್ನು ಮೊದಲು ಮೆಚ್ಚಬೇಕು. ‘ಜೀವಸತ್ವ ಹೀರುವ ಮಂತ್ರ’ ಎಂಬ ಒಂದು ನಿಯಮದಿಂದ ಇಡೀ ಲೋಕವನ್ನು ಗುರುತಿಸಿದ್ದು ಸಣ್ಣ ಕೆಲಸವಲ್ಲ. ಅಥಾಸ್‌ನಲ್ಲಿ ಮಂತ್ರ ಹಾಕಿದರೆ ಸುತ್ತಲ ಗಿಡ ಬೂದಿಯಾಗುತ್ತದೆ, ನೆಲ ಬರಡಾಗುತ್ತದೆ. ಹೀಗೆ ಹೀರಿ ಬಲಿತವರೇ ನಗರಗಳನ್ನಾಳುವ ಮಾಂತ್ರಿಕ ಅರಸರು. ಅಲ್ಲಿ ಲೋಹ ಅಪರೂಪ. ಮೂಳೆ, ಕಲ್ಲು, ಮರದ ಆಯುಧಗಳು. ನಾಣ್ಯಗಳು ಸುಟ್ಟ ಮಣ್ಣಿನವು. ದೇವರುಗಳಿಲ್ಲ. 2025ರ ಮೇ ತಿಂಗಳಲ್ಲೇ ಮನೋಬಲದಿಂದ ಕೆಲಸ ಸಾಧಿಸುವ ಸಯಾನ್ ಎಂಬ ಪಾತ್ರದ ಕರಡೂ ಬಂದಿತ್ತು; ಮನೋಬಲ ಅಥಾಸ್‌ನ ಉಸಿರು. ಎರಡು ಕರಡುಗಳನ್ನು ಜೋಡಿಸಿ ಓದಿದವರ ತರ್ಕ ಶಾಸನತಜ್ಞರು ಒಡೆದ ಕಲ್ಲಿನ ಅಕ್ಷರ ತುಂಬಿಕೊಳ್ಳುವಷ್ಟೇ ಗಂಭೀರವಾದದ್ದು.

ಆದರೆ ಗುರುತಿಸಿದ ಮೇಲೆ ಏನು? ಇಲ್ಲಿಂದ ಮುಂದೆ ಬಹುಪಾಲು ಊಹೆಗಳು ಒಣಗಿಬಿಡುತ್ತವೆ. ಕೀಟದಂಥ ಥ್ರೀ-ಕ್ರೀನ್ ಜನ ಇರುತ್ತಾರೋ ಇಲ್ಲವೋ, ಎಷ್ಟು ನಗರಗಳು ಉಳಿಯುತ್ತವೆ, ಯಾವ ಅರಸ ಬದುಕಿರುತ್ತಾನೆ, ಕತೆ ಯಾವ ವರ್ಷದಿಂದ ಶುರು: ಹಳೆಯ ಪೆಟ್ಟಿಗೆಯಲ್ಲಿದ್ದ ಸಾಮಾನಿನ ಪಟ್ಟಿಯನ್ನು ಕೈಯಲ್ಲಿ ಹಿಡಿದು ಹೊಸ ಪೆಟ್ಟಿಗೆಗೆ ಕಾಯುವ ಊಹೆ ಇದು. ನೆನಪೇ ಇದರ ಏಕೈಕ ಬಂಡವಾಳ. ನೆನಪಿಗೆ ಹೊಂದಿದ್ದು ಸರಿ, ಹೊಂದದ್ದು ದ್ರೋಹ. ಹೀಗೆ ಕಾಯುವವರು ಪುಸ್ತಕ ಬಂದ ದಿನ ಅದನ್ನು ಓದುವುದಿಲ್ಲ. ಪಟ್ಟಿಗೆ ತಾಳೆ ನೋಡುತ್ತಾರೆ.

ಎಲ್ಲವನ್ನೂ ಹೇಳಿಬಿಡುವ ಪುಸ್ತಕದಿಂದ ಏನಾಗುತ್ತದೆಂಬುದನ್ನು ಡಾರ್ಕ್ ಸನ್ ಒಮ್ಮೆ ಕಂಡಿದೆ. 1991ರಲ್ಲಿ ಪೆಟ್ಟಿಗೆಯ ರೂಪದಲ್ಲಿ ಬಂದ ಮೊದಲ ಪ್ರಕಟಣೆಯಲ್ಲಿ ಅಥಾಸ್ ಯಾಕೆ ಹೀಗೆ ಸುಟ್ಟಿತು ಎಂಬುದು ಮಂಕಾಗಿತ್ತು. 1995ರ ಪರಿಷ್ಕೃತ ಪೆಟ್ಟಿಗೆ ಆ ಲೋಕದ ಆದಿಯಿಂದ ಹಿಡಿದು ಪ್ರತಿಯೊಂದು ಗುಟ್ಟನ್ನೂ ಬಿಡಿಸಿಟ್ಟಿತು. ಆ ಲೋಕವನ್ನಿಟ್ಟುಕೊಂಡು ಬಂದ ಕಾದಂಬರಿಗಳಲ್ಲಿ ದೊಡ್ಡ ದೊಡ್ಡ ಅರಸರು ಆಗಲೇ ಸತ್ತಿದ್ದರು. ಆಟಗಾರರಿಗೆ ಮಾಡಲು ಉಳಿದದ್ದು ಕಡಿಮೆ. 2010ರಲ್ಲಿ ಮತ್ತೆ ಪ್ರಕಟಿಸುವಾಗ ಕಾಲವನ್ನು ಹಿಂದಕ್ಕೆ ಸರಿಸಿ, ಟೈರ್ ನಗರದ ಅರಸ ಕಲಾಕ್ ಸತ್ತ ಹೊಸತರಲ್ಲೇ ಲೋಕವನ್ನು ನಿಲ್ಲಿಸಬೇಕಾಯಿತು. ಇದಕ್ಕೆ ಎದುರಾಗಿ ನಿಲ್ಲುವುದು ಎಬೆರಾನ್ ಎಂಬ ಇನ್ನೊಂದು ಲೋಕ. 2002ರಲ್ಲಿ ವಿಜರ್ಡ್ಸ್ ಸಾರ್ವಜನಿಕರಿಂದ ಹೊಸ ಲೋಕಗಳನ್ನು ಆಹ್ವಾನಿಸಿದಾಗ ಸಾವಿರಾರು ಪ್ರಸ್ತಾವಗಳ ನಡುವೆ ಗೆದ್ದದ್ದು ಕೀತ್ ಬೇಕರ್ ಅವರದು. ಪುಸ್ತಕ ಬಂದದ್ದು 2004ರಲ್ಲಿ. ಅದರಲ್ಲಿ ಸೈರ್ ಎಂಬ ಇಡೀ ದೇಶ ಒಂದೇ ದಿನದಲ್ಲಿ ನಾಶವಾಗುತ್ತದೆ. ಕಾರಣವನ್ನು ಪುಸ್ತಕ ಬೇಕೆಂದೇ ಹೇಳುವುದಿಲ್ಲ. ಪ್ರತಿ ಮೇಜಿನ ಡಂಜನ್ ಮಾಸ್ಟರ್ ತನ್ನ ಉತ್ತರ ಕಂಡುಕೊಳ್ಳಬೇಕು. ಎರಡು ದಶಕ ಕಳೆದರೂ ಆ ಜಾಗ ಖಾಲಿಯಾಗಿಯೇ ಇದೆ, ಆ ಲೋಕ ಜೀವಂತವಾಗಿಯೇ ಇದೆ. ಕುರುಡುಮಲೆಯ ಗಣಪನ ಸುತ್ತ ಇರುವುದೂ ಇಂಥ ಖಾಲಿ ಜಾಗವೇ.

ಅಥಾಸ್ ಬಗ್ಗೆ ಕೋಲಾರದ ನೆಲದಿಂದ ಊಹೆ ಮಾಡಿದರೆ ಹೇಗಿರುತ್ತದೆ? ನನ್ನ ಆಸಕ್ತಿಯೆಲ್ಲ ಇಲ್ಲಿದೆ. ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆ ನಮ್ಮದು. ಪೂರ್ವಜರು ಸಾವಿರಾರು ಕೆರೆ ಕಟ್ಟಿ ಬದುಕಿದರು. ನಾವು ಸಾವಿರ ಅಡಿಗೂ ಆಳಕ್ಕೆ ಬೋರ್‌ವೆಲ್ ಕೊರೆದು ಫ್ಲೋರೈಡ್ ನೀರು ಕುಡಿದೆವು. ಹೊಲಗಳಲ್ಲಿ ನೀಲಗಿರಿ ನೆಟ್ಟೆವು. ಅಂತರ್ಜಲ ಹೀರುತ್ತದೆಂಬ ಕೂಗು ಜೋರಾಗಿ 2017ರಲ್ಲಿ ಸರ್ಕಾರ ಹೊಸದಾಗಿ ನೆಡುವುದನ್ನೇ ನಿಷೇಧಿಸಿತು. ಇವತ್ತಿನ ಬಲಕ್ಕಾಗಿ ನಾಳೆಯ ನೆಲವನ್ನು ಹೀರುವ ಮಾಂತ್ರಿಕ ಯಾರೆಂದು ಕೋಲಾರದ ರೈತನಿಗೆ ವಿವರಿಸಬೇಕಾಗಿಲ್ಲ. ಅವನ ಕೈಯಲ್ಲೂ ಆ ಮಂತ್ರ ಇತ್ತು. ಸಾಲ ತೀರಿಸಲು, ಮಗಳ ಮದುವೆಗೆ ಅವನೂ ಅದನ್ನು ಹಾಕಿದ. ಡಾರ್ಕ್ ಸನ್ ಪುಸ್ತಕಗಳಲ್ಲಿ ಹೀರುವವರು ದುಷ್ಟರು, ಕಾಯುವವರು ಸಜ್ಜನರು ಎಂಬ ವಿಂಗಡಣೆ ದಪ್ಪ ಗೆರೆಯದು. ಹೊಸ ಪುಸ್ತಕದಲ್ಲಿ ಬಡತನದಿಂದಾಗಿ ಹೀರುವವನೊಬ್ಬ ಇರುತ್ತಾನೆಯೇ? ಈ ಪ್ರಶ್ನೆ ಕೇಳಿದ ಅಭಿಮಾನಿಯನ್ನು ನಾನು ಕಂಡಿಲ್ಲ.

ನೀರಿನ ವಿಷಯವೂ ಹಾಗೆಯೇ. ಪಾತ್ರವೊಂದಕ್ಕೆ ದಿನಕ್ಕೆ ಎಷ್ಟು ನೀರು ಬೇಕೆಂಬ ನಿಯಮ ಹಳೆಯ ಪುಸ್ತಕದಲ್ಲಿದೆ. ನೀರು ಅರಸರ ಹಿಡಿತದಲ್ಲಿದೆ ಎಂಬ ಮಾತಿದೆ. ಆದರೆ ನೀರನ್ನು ಹಂಚುವವನು ಯಾರು? ನಮ್ಮ ಕೆರೆಗಳಿಗೆ ನೀರಗಂಟಿ ಇದ್ದ. ಯಾವ ತೂಬು ಯಾವಾಗ ತೆರೆಯಬೇಕು, ಅಚ್ಚುಕಟ್ಟಿನ ಯಾವ ಗದ್ದೆಗೆ ಎಷ್ಟು ಹೊತ್ತು ಬಿಡಬೇಕು, ಬರದ ವರ್ಷ ಯಾರ ಪಾಲನ್ನು ಹೇಗೆ ಕಡಿತ ಮಾಡಬೇಕು ಎಂಬುದು ಅವನ ತಲೆಯಲ್ಲಿತ್ತು. ಸುಗ್ಗಿಯಲ್ಲಿ ಕಾಳು ಅವನ ಕೂಲಿ. ಬಹಳ ಊರುಗಳಲ್ಲಿ ಈ ಕೆಲಸ ದಲಿತ ಕುಟುಂಬಗಳದು. ಇಡೀ ಊರಿನ ಗದ್ದೆಗೆ ನೀರು ಬಿಡುವ ಅದೇ ಕೈ ಮೇಲ್ಜಾತಿಯವರ ಬಾವಿಯ ಹಗ್ಗ ಮುಟ್ಟುವಂತಿರಲಿಲ್ಲ. ಇಂಥ ಒಬ್ಬ ಮನುಷ್ಯನನ್ನು ಅಥಾಸ್‌ನ ಟೈರ್ ನಗರದ ಹೊರಗೆ ನಿಲ್ಲಿಸಿ ನೋಡಿ. ಎಷ್ಟು ಕತೆಗಳು ಏಳುತ್ತವೆ! 2018ರಿಂದ ಬೆಂಗಳೂರು ಬಳಸಿ ಬಿಟ್ಟ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಶುದ್ಧೀಕರಣಗೊಂಡು ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಕೆರೆ ತುಂಬಿದ ಸಂತೋಷವೂ, ಇದು ಎಂಥ ನೀರು ಎಂಬ ಆತಂಕವೂ ಒಂದೇ ಏರಿಯ ಮೇಲೆ ನಿಂತು ಮಾತಾಡುತ್ತವೆ. ಯಾವ ಫ್ಯಾಂಟಸಿ ಲೋಕದಲ್ಲೂ ಇಷ್ಟು ಒಳ್ಳೆಯ ಸನ್ನಿವೇಶವನ್ನು ನಾನು ಓದಿಲ್ಲ.

ಅಭಿಮಾನಿಗಳನ್ನು ಎರಡಾಗಿ ಒಡೆದಿರುವುದು ಗುಲಾಮಗಿರಿಯ ಪ್ರಶ್ನೆ. ಹಳೆಯ ಅಥಾಸ್ ಗುಲಾಮರ ಬೆನ್ನ ಮೇಲೆ ನಿಂತ ಲೋಕ. ಅದನ್ನು ಉಳಿಸಿದರೆ ನೋವು ಎಂದು ಒಂದು ಬಣ, ತೆಗೆದರೆ ಲೋಕವೇ ಸುಳ್ಳು ಎಂದು ಇನ್ನೊಂದು ಬಣ ವಾದಿಸುತ್ತವೆ. 1976ರಲ್ಲಿ ಕಾನೂನು ರದ್ದುಮಾಡುವವರೆಗೆ, ಎಷ್ಟೋ ಕಡೆ ಆಮೇಲೂ, ಜೀತ ಕಂಡ ನಾಡಿನವರು ಈ ವಾದವನ್ನು ಹೊರಗಿನವರಾಗಿ ಕೇಳಲಾರರು. ಅಖಾಡದ ರೋಮಾಂಚನಕ್ಕಷ್ಟೇ ಗುಲಾಮ ಬರುವುದಾದರೆ ಬರದಿರುವುದೇ ಮೇಲು. ಕಲಾಕ್‌ನನ್ನು ಕೊಂದು ಟೈರ್ ನಗರವನ್ನು ಬಿಡಿಸಿದ್ದು ಬಂಡೆದ್ದವರು ಎಂಬುದನ್ನು ಪುಸ್ತಕ ನಡುವೆ ಇಡುವುದಾದರೆ, ಬಿಡುಗಡೆಯ ಮರುದಿನ ಯಾರು ಯಾರ ಹೊಲದಲ್ಲಿ ದುಡಿಯುತ್ತಾರೆ ಎಂದು ಕೇಳುವುದಾದರೆ, ಗುಲಾಮಗಿರಿಯ ಚರಿತ್ರೆ ಅಲ್ಲಿರಲೇಬೇಕು. ಅದನ್ನು ಬರೆಯುವವರು ಯಾರು ಎಂಬುದು ಇದಕ್ಕಿಂತ ದೊಡ್ಡ ಪ್ರಶ್ನೆ.

ನೆಲ ತಿಳಿಯದ ಊಹೆ ಏನು ಮಾಡುತ್ತದೆಂಬುದಕ್ಕೆ ಈ ಆಟದಲ್ಲೇ ಒಂದು ಉದಾಹರಣೆಯಿದೆ. 1977ರ ‘ಮಾನ್‌ಸ್ಟರ್ ಮ್ಯಾನ್ಯುಯಲ್’ನಲ್ಲಿ ರಾಕ್ಷಸ ಬರುತ್ತಾನೆ: ಹುಲಿಯ ತಲೆ, ಮೈಮೇಲೆ ಶ್ರೀಮಂತರ ಉಡುಪು, ಮಂತ್ರಿಸಿದ ಬಾಣ ತಗುಲಿದರೆ ಸಾವು. ಅದರ ಮೂಲ ರಾಮಾಯಣವಲ್ಲ, 1974ರ ಒಂದು ಅಮೆರಿಕನ್ ಟೆಲಿವಿಷನ್ ಭೀತಿಕತೆ. ಹಠ, ತಪಸ್ಸು, ವರ, ಬಂಧುಪ್ರೇಮ, ಯಾವುದೂ ಇಲ್ಲದ ಆ ಹುಲಿಮೊಗದವನು ಒಂದರ ಹಿಂದೊಂದು ಆವೃತ್ತಿಯಲ್ಲಿ ಉಳಿದುಬಿಟ್ಟ. 2022ರ ‘ಜರ್ನೀಸ್ ಥ್ರೂ ದ ರೇಡಿಯಂಟ್ ಸಿಟಡೆಲ್’ನಲ್ಲಿ ಕೋಲ್ಕತ್ತ ಮೂಲದ ಮಿಮಿ ಮಂಡಲ್ ಬರೆದ ಭಾಗ ಇದಕ್ಕೆ ತಿದ್ದುಪಡಿಯಂತಿದೆ. ನದಿ, ಕಾಡುಗಳ ಆ ನಾಡಿನಲ್ಲಿ ಬಂಗಾಳದ ತೇವ ಇದೆ, ಏಕೆಂದರೆ ಬರೆದವರಿಗೆ ಆ ತೇವ ಗೊತ್ತು. ಕೋಲಾರದ ಒಣನೆಲಕ್ಕೆ ಅಂಥ ಪುಟ ಇನ್ನೂ ಬಂದಿಲ್ಲ.

ಡಾರ್ಕ್ ಸನ್ ಬಗೆಗಿನ ಊಹೆ ಓದಿನ ಚುರುಕಿನಲ್ಲಿ ಮೇಲ್ಮಟ್ಟದ್ದು, ಕಲ್ಪನೆಯಲ್ಲಿ ಬಡವಾದದ್ದು ಎಂಬುದು ನನ್ನ ತೀರ್ಮಾನ. ಅದು ಹಳೆಯ ಪುಸ್ತಕದಿಂದ ಹೊಸ ಪುಸ್ತಕಕ್ಕೆ ಸೇತುವೆ ಕಟ್ಟುತ್ತದೆ. ತಾನು ನಿಂತ ನೆಲಕ್ಕೆ ಇಳಿಯುವುದಿಲ್ಲ. ಮುಳಬಾಗಿಲು, ಮಾಲೂರು, ಶ್ರೀನಿವಾಸಪುರಗಳಿಂದ ಬೆಂಗಳೂರಿಗೆ ಹೋಗಿ ಬೋರ್ಡ್‌ಗೇಮ್ ಕೆಫೆಗಳಲ್ಲಿ ದಾಳ ಹಾಕುತ್ತಿರುವ ಹುಡುಗ ಹುಡುಗಿಯರಲ್ಲಿ ನನ್ನ ಕೋರಿಕೆ ಇಷ್ಟೆ: ಪುಸ್ತಕ ಬರುವ ತನಕ ಕಾಯಬೇಡಿ. ನಿಮ್ಮ ಊರಿನ ಕೆರೆಯ ಏರಿ, ತೂಬು, ಕೋಡಿಗಳ ನಕ್ಷೆ ಬರೆದುಕೊಳ್ಳಿ. ನೀರಗಂಟಿಯ ಮನೆಯವರು ಇನ್ನೂ ಇದ್ದರೆ ಹೋಗಿ ಕೇಳಿ. ಆ ನಕ್ಷೆಯ ಮೇಲೆ ಈ ವಾರವೇ ಒಂದು ಆಟ ಆಡಿ, ಕನ್ನಡದಲ್ಲೇ ಆಡಿ.