ಮೂಸಿ ನದಿಯ ಜಲಾನಯನವೂ ಗಣಕಯಂತ್ರದ ನಕ್ಷೆಯೂ

ಹೈದರಾಬಾದಿನ ಮೂಸಿ ನದಿಯನ್ನು ಕುರಿತ ಬರವಣಿಗೆಗಳಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು 1909ರಲ್ಲಿ ನಿಜಾಮ ಸರ್ಕಾರಕ್ಕೆ ಒಪ್ಪಿಸಿದ ವರದಿಗೆ ವಿಶಿಷ್ಟವಾದ ಸ್ಥಾನವಿದೆ. ಕನ್ನಡಿಗರು ಅದನ್ನು ಅಭಿಮಾನದಿಂದ ನೆನೆಯುತ್ತಾರೆಯೇ ಹೊರತು ಅದರ ವಿಚಾರಸರಣಿಯನ್ನು ಪರಿಶೀಲಿಸುವುದು ಅಪೂರ್ವ. ಜಲಾನಯನಗಳ ಅಧ್ಯಯನವು ಇಂದು ಬಹುಮಟ್ಟಿಗೆ ಉಪಗ್ರಹಚಿತ್ರ ಮತ್ತು ನಕ್ಷಾ ತಂತ್ರಾಂಶಗಳ ಮೂಲಕವೇ ನಡೆಯುತ್ತಿರುವುದರಿಂದ, ಆ ಹಳೆಯ ಪದ್ಧತಿಯನ್ನೂ ಈ ಹೊಸ ಪದ್ಧತಿಯನ್ನೂ ಎದುರುಬದುರಾಗಿಟ್ಟು ತೂಗಿ ನೋಡುವುದು ಉಚಿತವಾಗಿದೆ.

1908ರ ಸೆಪ್ಟೆಂಬರ್ 28ರಂದು ಮೂಸಿ ಉಕ್ಕಿ ಬಂದು ನಗರದಲ್ಲಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಶಂಷಾಬಾದಿನಲ್ಲಿ 24 ಗಂಟೆಗಳಲ್ಲಿ 12.8 ಅಂಗುಲ, 48 ಗಂಟೆಗಳಲ್ಲಿ 18.9 ಅಂಗುಲ ಮಳೆ ಬಿದ್ದಿತ್ತು. ಎಲ್ಲ ಹೊಣೆಯನ್ನೂ ಮಳೆಯ ಮೇಲೆ ಹೊರಿಸಿ ಲೆಕ್ಕ ಮುಗಿಸಲು ಈ ಅಂಕಿಗಳೇ ಸಾಕಾಗಿದ್ದವು. ವಿಶ್ವೇಶ್ವರಯ್ಯನವರು ಅಷ್ಟಕ್ಕೇ ನಿಲ್ಲದೆ ಕೆರೆಗಳ ಲೆಕ್ಕಕ್ಕೆ ಕೈಹಾಕಿದರು. ನಗರಕ್ಕೆ ಮೇಲಣ 862 ಚದರ ಮೈಲಿಗಳ ಜಲಾನಯನದಲ್ಲಿ 788 ಕೆರೆಗಳಿದ್ದವು; ಅರ್ಥಾತ್ ಹೆಚ್ಚುಕಡಿಮೆ ಚದರ ಮೈಲಿಗೊಂದು ಕೆರೆ. ಅವುಗಳಲ್ಲಿ 221 ಒಡೆದಿದ್ದವು. ಒಡೆದವುಗಳಲ್ಲಿ 182 ಕೆರೆಗಳು ಉಪನದಿಯಾದ ಈಸಿಯ ಕಣಿವೆಯವು. ಉಳಿದ 39 ಮಾತ್ರ ಮೂಸಿಯ ಕಣಿವೆಯವು. ಈ ಕೊನೆಯ ವಿಂಗಡಣೆಯಲ್ಲಿಯೇ ಅವರ ಬುದ್ಧಿಯ ಹರಿತ ಕಾಣುವುದು. ನೀರು ಎಲ್ಲಿ ಬಿತ್ತೆಂಬುದಕ್ಕಿಂತ, ಹಿಡಿದಿಟ್ಟ ನೀರು ಎಲ್ಲಿ ಕೈತಪ್ಪಿತೆಂಬುದನ್ನು ಅದು ತಿಳಿಸುತ್ತದೆ. ಜಮೆಯನ್ನೂ ಖರ್ಚನ್ನೂ ಬರೆದು ಮೂಲ ಠೇವಣಿಯನ್ನು ಮರೆತ ಖಾತೆಯನ್ನು ಯಾರೂ ಒಪ್ಪರು; ಜಲಾನಯನದ ಠೇವಣಿಯೆಂದರೆ ಅದರ ಕೆರೆಗಳೇ. ಎರಡೂ ನದಿಗಳಿಗೆ ಜಲಾಶಯಗಳನ್ನು ಕಟ್ಟಬೇಕೆಂಬ ಸಲಹೆ ಈ ಶೋಧನೆಯ ಫಲ. ಮೂಸಿಗೆ ಉಸ್ಮಾನ್ ಸಾಗರ 1920ರಲ್ಲಿ, ಈಸಿಗೆ ಹಿಮಾಯತ್ ಸಾಗರ 1927ರಲ್ಲಿ ಸಿದ್ಧವಾದವು. (ಪ್ರವಾಹವನ್ನು ತಡೆಯುವ ಜಲಾಶಯ ಬರಿದಾಗಿರಬೇಕು, ಕುಡಿಯುವ ನೀರಿನ ಜಲಾಶಯ ತುಂಬಿರಬೇಕು; ಎರಡೂ ಕೆಲಸಗಳು ಈ ಸಾಗರಗಳ ಪಾಲಿಗೆ ಬಂದದ್ದು ಬೇರೆಯೇ ಒಂದು ಚರ್ಚೆಗೆ ವಿಷಯ.)

ಇನ್ನು ಹೊಸ ಪದ್ಧತಿ. ಹೈದರಾಬಾದಿನಲ್ಲಿಯೇ ಇರುವ ರಾಷ್ಟ್ರೀಯ ದೂರಸಂವೇದಿ ಕೇಂದ್ರವು 2005ರಲ್ಲಿ ಹಾರಿಬಿಟ್ಟ ಕಾರ್ಟೊಸ್ಯಾಟ್-1 ಉಪಗ್ರಹದ ಚಿತ್ರಗಳಿಂದ ದೇಶದ ನೆಲದ ಎತ್ತರಗಳನ್ನು ಚೌಕಗಳಾಗಿ ಗುರುತಿಸಿ, 'ಭುವನ್' ಎಂಬ ಜಾಲತಾಣದ ಮೂಲಕ ಒದಗಿಸಿದೆ. ಚೌಕವೊಂದರ ಪಕ್ಕ ಸುಮಾರು 30 ಮೀಟರ್. ಕ್ಯೂಜಿಐಎಸ್‌ನಂತಹ ಉಚಿತ ತಂತ್ರಾಂಶವಿದ್ದರೆ ವಿದ್ಯಾರ್ಥಿಯೊಬ್ಬನು ಒಂದು ಮಧ್ಯಾಹ್ನದಲ್ಲಿ ಇಡೀ ಮೂಸಿಯ ಎಲ್ಲೆಯನ್ನು ಬರೆದುಬಿಡಬಹುದು. ಪ್ರತಿಯೊಂದು ಚೌಕದ ನೀರು ಸುತ್ತಲಿನ ಎಂಟು ಚೌಕಗಳಲ್ಲಿ ಅತ್ಯಂತ ಕಡಿದಾದ ಇಳಿಜಾರಿನದಕ್ಕೆ ಹರಿಯುವುದೆಂದು ಭಾವಿಸಿ, ಒಂದೊಂದು ಚೌಕಕ್ಕೂ ಮೇಲಿನಿಂದ ಎಷ್ಟು ಚೌಕಗಳ ನೀರು ಬರುವುದೆಂದು ಎಣಿಸುವುದು ಇದರ ಕ್ರಮ. ಈ ಎಣಿಕೆ ಗೊತ್ತುಪಡಿಸಿದ ಮಿತಿಯನ್ನು ದಾಟಿದ ಕಡೆ ಹಳ್ಳವೆಂದು ಗೆರೆ ಬೀಳುತ್ತದೆ. ಮಿತಿಯನ್ನು ಗೊತ್ತುಪಡಿಸುವವನು ಅಧ್ಯಯನಕಾರನೇ. ಮಿತಿಯನ್ನು ತಗ್ಗಿಸಿದರೆ ಹಳ್ಳಗಳು ಹೆಚ್ಚುವುವು, ಏರಿಸಿದರೆ ಮಾಯವಾಗುವುವು. ಆದಕಾರಣ ಮಿತಿಯನ್ನು ಹೇಳದೆ ಹಳ್ಳಗಳ ಸಂಖ್ಯೆಯನ್ನು ಮಾತ್ರ ಕೊಡುವ ಪ್ರಬಂಧಕ್ಕೆ ಬೆಲೆಯಿಲ್ಲ.

ಆದರೆ ಮುಖ್ಯವಾದ ಆಕ್ಷೇಪ ಇದಲ್ಲ. ಈ ಎಣಿಕೆಗೂ ಮುಂಚೆ ಒಂದು ಸಿದ್ಧತೆಯಿದೆ. ಸುತ್ತಲಿನ ನೆಲಕ್ಕಿಂತ ತಗ್ಗಾಗಿದ್ದು ನೀರು ಹೊರಹೋಗಲಾರದ ಚೌಕಗಳೆಲ್ಲವನ್ನೂ ತಂತ್ರಾಂಶವು ಅಳತೆಯ ದೋಷವೆಂದು ಬಗೆದು, ಕಟ್ಟೆ ಮೀರಿ ಹರಿಯುವ ಮಟ್ಟದವರೆಗೆ ತುಂಬಿಬಿಡುತ್ತದೆ. ಬಹುಪಾಲು ತಗ್ಗುಗಳು ನಿಜವಾಗಿಯೂ ದೋಷಗಳೇ, ಅಲ್ಲಗಳೆಯುವಂತಿಲ್ಲ. ಆದರೆ ದಖ್ಖನದ ನೆಲದಲ್ಲಿ ನೀರು ಹೊರಹೋಗದಂತೆ ಬೇಕೆಂದೇ ಮಾಡಿದ ತಗ್ಗಿಗೆ ಕೆರೆ ಎಂದು ಹೆಸರು. ಹೊಳೆ ತಡೆಯಿಲ್ಲದೆ ಹರಿಯುವ ದೇಶಗಳಿಗೆ ಒಪ್ಪುವ ಕ್ರಮವೊಂದು ಇಲ್ಲಿಗೆ ಬಂದು, ವಿಶ್ವೇಶ್ವರಯ್ಯನವರು ಒಂದೊಂದಾಗಿ ಎಣಿಸಿದ ವಸ್ತುವನ್ನೇ ಮೊದಲ ಹೆಜ್ಜೆಯಲ್ಲಿ ಅಳಿಸುತ್ತದೆ. ಅಳಿದ ಮೇಲೆ ನಕ್ಷೆ ಅತ್ಯಂತ ನಿರ್ಮಲವಾಗಿ ಕಾಣುತ್ತದೆ. ಏರಿಯ ದಪ್ಪ ಹಲವು ಕಡೆ ಚೌಕದ ಅಗಲಕ್ಕಿಂತ ಕಡಮೆಯಾದುದರಿಂದ, ತುಂಬದೆ ಬಿಟ್ಟರೂ ಅದರ ನಿಜವಾದ ಎತ್ತರ ಮೂಡುವುದಿಲ್ಲ. ನೀರಿನಡಿಯ ಹೂಳಂತೂ ಉಪಗ್ರಹದ ಕಣ್ಣಿಗೆ ಬೀಳದು.

ಇದು ಕೇವಲ ಪಂಡಿತರ ತಕರಾರಲ್ಲ. 2020ರ ಅಕ್ಟೋಬರಿನ ಮಹಾಮಳೆಯಲ್ಲಿ ಹೈದರಾಬಾದಿನ ದಕ್ಷಿಣ ಭಾಗದ ಪಲ್ಲೆ ಚೆರುವು, ಗುರ್ರಂ ಚೆರುವುಗಳ ಏರಿಗಳು ಒಡೆದು ಕೆಳಗಿನ ಬಡಾವಣೆಗಳು ಮುಳುಗಿದವು. ಕೆರೆಗಳನ್ನು ತುಂಬಿ ಅಳಿಸಿದ ನಕ್ಷೆಯಲ್ಲಿ ಆ ಬಡಾವಣೆಗಳು ಸಾಧಾರಣ ಹಳ್ಳದ ದಡದಲ್ಲಿರುವಂತೆ ಮಾತ್ರ ತೋರುವುವು. ತಲೆಯ ಮೇಲೆ ನಿಂತ ನೀರಿನ ಸುಳಿವೇ ಇರದು.

ಇದಕ್ಕೆ ಪರಿಹಾರ ತಂತ್ರಾಂಶದಲ್ಲಿಯೇ ಇದೆಯೆಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ನಿಜವಾದ ಕೆರೆಗಳ ಗಡಿಯನ್ನು ಪ್ರತ್ಯೇಕ ಪದರವಾಗಿ ಸೇರಿಸಿ ಅವನ್ನು ತುಂಬದೆ ಉಳಿಸಬಹುದು. ಹರಿವಿನ ಗಣನೆಯಲ್ಲಿ ಪ್ರತಿ ಕೆರೆಗೂ ಅದರ ಸಂಗ್ರಹ ಮತ್ತು ಕೋಡಿಯ ಮಟ್ಟವನ್ನು ಒದಗಿಸಬಹುದು. ಅಮೆರಿಕದಲ್ಲಿ ಹುಟ್ಟಿ ಎಲ್ಲೆಡೆ ಬಳಕೆಗೆ ಬಂದಿರುವ 'ಸ್ವಾಟ್' ಎಂಬ ಗಣನಕ್ರಮದಲ್ಲಿ ಕೊಳ, ಜಲಾಶಯಗಳಿಗೆ ಸ್ಥಾನವುಂಟು. ಆದರೆ ಅದಕ್ಕೆ ಬೇಕಾದ ಅಂಕಿಗಳು ಉಪಗ್ರಹದಿಂದ ಇಳಿದು ಬರುವುದಿಲ್ಲ. ಯಾವ ಕೆರೆಗೆ ಕೋಡಿ ಎಲ್ಲಿದೆ, ಅದನ್ನು ಯಾರಾದರೂ ಎತ್ತರಿಸಿದ್ದಾರೆಯೆ, ತೂಬು ತೆರೆಯುವುದೋ ಹೂತುಹೋಗಿದೆಯೋ, ಕೋಡಿ ಬಿದ್ದ ನೀರು ಮುಂದಿನ ಕೆರೆಯನ್ನು ಸೇರುವುದೋ ಮನೆಗಳ ನಡುವೆ ನುಗ್ಗುವುದೋ ಎಂಬುದನ್ನು ಏರಿಯ ಮೇಲೆ ನಡೆದೇ ಬರೆದುಕೊಳ್ಳಬೇಕು. ಮೂಸಿಯ ಮೇಲೆ ಬರುವ ಪ್ರಬಂಧಗಳು ಬಣ್ಣದ ನಕ್ಷೆಗಳಿಗಿಂತ ಮುಂಚೆ ಇಂತಹ ಒಂದು ಕೋಷ್ಟಕವನ್ನು ಅಚ್ಚುಮಾಡುವುದು ಲೇಸು. ಈಸಿಯ ಕಣಿವೆಯಿಂದ ಅದನ್ನು ಆರಂಭಿಸಬಹುದು.