ಫಲಕದ ವಾಟ್ ಮತ್ತು ರೋಣದ ಬಿಸಿಲು

ಸೌರ ಫಲಕದ ಹಿಂಬದಿಯ ಚೀಟಿಯನ್ನು ನೀವು ಎಂದಾದರೂ ಓದಿದ್ದೀರಾ? '550 ವಾಟ್' ಎಂಬುದು ದಪ್ಪ ಅಕ್ಷರದಲ್ಲಿರುತ್ತದೆ. ಷರತ್ತು ಸಣ್ಣ ಅಕ್ಷರದಲ್ಲಿ: ಬೆಳಕು ಚದರ ಮೀಟರಿಗೆ 1000 ವಾಟ್, ಕೋಶದ ಉಷ್ಣತೆ 25 ಡಿಗ್ರಿ ಸೆಲ್ಸಿಯಸ್. ಏಪ್ರಿಲ್ ನಡುಹಗಲಿನಲ್ಲಿ ರೋಣದ ಬಿಸಿಲು ಮೊದಲನೆಯ ಷರತ್ತನ್ನು ಹೆಚ್ಚುಕಡಿಮೆ ಪೂರೈಸುತ್ತದೆ. ಎರಡನೆಯದು ಮಾತ್ರ ಸಾಧ್ಯವೇ ಇಲ್ಲ. ಗಾಳಿಯೇ 38 ಡಿಗ್ರಿ ದಾಟಿದಾಗ ಕೋಶ 65ರ ಆಸುಪಾಸಿಗೆ ಏರುತ್ತದೆ.

ಸಿಲಿಕಾನ್ ಬಿಸಿಯಾದಂತೆ ಪ್ರವಾಹ ಕೊಂಚ ಹೆಚ್ಚುತ್ತದೆ, ವೋಲ್ಟೇಜ್ ಅದಕ್ಕಿಂತ ಬಹಳ ಕುಸಿಯುತ್ತದೆ. ಸಾಮಾನ್ಯ ಫಲಕದಲ್ಲಿ ಡಿಗ್ರಿಗೆ ಸುಮಾರು ಶೇಕಡಾ 0.35 ನಷ್ಟ. 40 ಡಿಗ್ರಿ ಏರಿಕೆಗೆ ಶೇಕಡಾ 14. ಅಂದರೆ 550 ವಾಟ್ 473ಕ್ಕೆ ಇಳಿಯಿತು. (ಶಿಕ್ಷಕರು ಪುಟ್ಟ ಫಲಕ, ಮಲ್ಟಿಮೀಟರ್ ಹಿಡಿದು ಅಂಗಳದಲ್ಲೇ ಇದನ್ನು ತೋರಿಸಬಹುದು. ಬಿಸಿಯಾದ ಫಲಕದ ಮೇಲೆ ಒದ್ದೆ ಬಟ್ಟೆ ಹಾಸಿ ತಣಿಸಿ, ತೆಗೆದ ಕೂಡಲೇ ವೋಲ್ಟೇಜ್ ಓದಿ.) ಜೋಳದ ರಾಶಿಯ ಕಾಲದ ಹೊಟ್ಟು, ಎರೆಮಣ್ಣಿನ ಧೂಳು ಈ ಲೆಕ್ಕದಲ್ಲಿ ಸೇರಿಲ್ಲ.

ಹೊಸ ತಂತ್ರಜ್ಞಾನದ ಸುದ್ದಿಗಳೆಲ್ಲ ದಕ್ಷತೆಯವು. 2024ರಲ್ಲಿ ಚೀನಾದ ಲೊಂಗಿ ಕಂಪನಿಯ ಪೆರೋವ್‌ಸ್ಕೈಟ್-ಸಿಲಿಕಾನ್ ಜೋಡಿ ಕೋಶ ಶೇಕಡಾ 34.6 ಮುಟ್ಟಿತು. ಒಂಟಿ ಸಂಧಿಯ ಕೋಶದ ಸೈದ್ಧಾಂತಿಕ ಮಿತಿ ಸುಮಾರು 33 ಎಂಬುದನ್ನು ನೆನೆದರೆ ಇದು ದೊಡ್ಡ ಸಾಧನೆಯೇ ಸರಿ. ಆದರೆ ಅದು ಪ್ರಯೋಗಾಲಯದ ಪುಟ್ಟ ಕೋಶ. ತೇವ, ಶಾಖಗಳ ಎದುರು ಪೆರೋವ್‌ಸ್ಕೈಟಿನ ಬಾಳಿಕೆ ಇನ್ನೂ ತೊಡಕಿನದು. ನಮಗೆ ಇಂದೇ ಉಪಯುಕ್ತವಾದ ಸಂಗತಿ ಸದ್ದಿಲ್ಲದೆ ಬಂದಿದೆ. ಹೆಟಿರೊಜಂಕ್ಷನ್ ಫಲಕಗಳಲ್ಲಿ ಶಾಖದ ನಷ್ಟ ಡಿಗ್ರಿಗೆ 0.26ರಷ್ಟು. ಅದೇ ಬಿಸಿಲಲ್ಲಿ, ಅದೇ '550 ವಾಟ್' ಚೀಟಿಯ ಫಲಕದಿಂದ 20 ವಾಟ್ ಹೆಚ್ಚು.

ನೀತಿಗೆ ಈ ವ್ಯತ್ಯಾಸ ಕಾಣುವುದಿಲ್ಲ. ನನ್ನ ಆಕ್ಷೇಪ ಇಲ್ಲಿಯೇ. 2024ರ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಎರಡು ಕಿಲೋವಾಟ್‌ವರೆಗೆ ತಲಾ 30,000, ಮೂರಕ್ಕೆ ಒಟ್ಟು 78,000 ರೂಪಾಯಿ ಸಹಾಯಧನ. ಚೀಟಿಯ ಕಿಲೋವಾಟೇ ಅಳತೆ. ಐದನೆಯ ವರ್ಷ ಮಾಳಿಗೆಯಿಂದ ಎಷ್ಟು ಯೂನಿಟ್ ಬಂತು ಎಂಬ ಪ್ರಶ್ನೆ ಸಹಾಯಧನದ ಲೆಕ್ಕದಲ್ಲಿಲ್ಲ. ಮನೆಯವರಿಗೆ ಮೀಟರಿನಿಂದ ಲಾಭನಷ್ಟ ತಿಳಿಯುತ್ತದೆ, ನಿಜ. ತಿಳಿಯುವ ವೇಳೆಗೆ ಫಲಕ ಕೊಂಡಾಗಿರುತ್ತದೆ.

ಹೊಲಕ್ಕೆ ಬಂದರೆ ನಷ್ಟ ಇನ್ನೂ ದೊಡ್ಡದು. 2019ರಲ್ಲಿ ಆರಂಭವಾದ ಕುಸುಮ್ ಯೋಜನೆಯ 'ಬಿ' ಭಾಗದಲ್ಲಿ ವಿದ್ಯುತ್ ಜಾಲಕ್ಕೆ ಸೇರದ ಪಂಪುಗಳಿಗೆ ಅಶ್ವಶಕ್ತಿಯ ಲೆಕ್ಕದಲ್ಲಿ ನೆರವು. 5 ಅಶ್ವಶಕ್ತಿಗೆ ಫಲಕ ಸುಮಾರು 4.8 ಕಿಲೋವಾಟ್. ಕಿಲೋವಾಟಿಗೆ ದಿನಕ್ಕೆ 4 ಯೂನಿಟ್ ಹಿಡಿದರೂ 19 ಯೂನಿಟ್ ಆಯಿತು. ರೋಣದ ಎರೆಭೂಮಿಯಲ್ಲಿ ಮುಂಗಾರಿಯ ಹೆಸರು ಮಳೆಗೆ, ಹಿಂಗಾರಿಯ ಕಡಲೆ, ಬಿಳಿಜೋಳ ನೆಲದ ಹಸಿಗೆ ಬೆಳೆಯುವ ರೂಢಿ. ವರ್ಷಕ್ಕೆ 150 ದಿನ ಪಂಪು ನಿಂತಿತೆನ್ನಿ: 2,850 ಯೂನಿಟ್ ಹುಟ್ಟುವುದೇ ಇಲ್ಲ! ನಿಲ್ಲಿಸದಿದ್ದರೆ ಅಂತರ್ಜಲಕ್ಕೆ ಕುತ್ತು.

ಪಂಪು ನಿಂತ ದಿನ ಅದೇ ಫಲಕದಿಂದ ಹಿಟ್ಟಿನ ಗಿರಣಿ, ಮೇವು ಕತ್ತರಿಸುವ ಯಂತ್ರ ನಡೆಸಬಲ್ಲ ನಿಯಂತ್ರಕಕ್ಕೆ ಕೇಂದ್ರ ಸಚಿವಾಲಯವೇ ಮಾನದಂಡ ಹೊರಡಿಸಿದೆ. ಆದರೆ ಅದನ್ನು ರೈತರ ಆಯ್ಕೆಗೆ ಬಿಟ್ಟಿದೆ. ಜಾಲ ದೂರವಿರುವ ಹೊಲಗಳಲ್ಲಾದರೂ ಅದು ಪಂಪಿನ ಜೊತೆಗೇ ಬರಬೇಕು, ಅದೇ ಸಹಾಯಧನದಲ್ಲಿ.